ನನ್ನ ಮೂಗಿನ ಕೆಳಗೆ ನಿನ್ನ ಬೆರಳು

ದೊಡ್ಡಮ್ಮಾ,

ಇವತ್ತು ಮಧ್ಯಾಹ್ನ ಊಟವಾದ ಮೇಲೆ ಚಾಪೆಯ ಮೇಲೆ ಹಾಗೇ ಕಣ್ಣು ಮುಚ್ಚಿದ್ದೆ. ಮೂಗಿನ ಕೆಳಗೆ ನಿನ್ನ ಬೆರಳು ಬಂತು. ಅದೇ ಒದ್ದೆ, ಅದೇ ಹುಣಸೆಹಣ್ಣಿನ ವಾಸನೆ. ನೀನು ಹೋಗಿ ವರ್ಷವಾಗುತ್ತಾ ಬಂತು, ಇನ್ನೂ ನನ್ನ ಮೇಲೆ ನಂಬಿಕೆ ಇಲ್ಲವೇ ನಿನಗೆ? ಉಸಿರಾಡುತ್ತಿದ್ದೇನೆ ತಾಯಿ, ಉಸಿರಾಡುತ್ತಿದ್ದೇನೆ ಅನ್ನುತ್ತಾ ಎದ್ದು ಕೂತೆ. ಪುರಸೈವಾಕ್ಕದ ಬೀದಿಯಲ್ಲಿ ಪಾತ್ರೆ ಮಾರುವವನು ಕೂಗುತ್ತಿದ್ದ. ಮನೆಯಲ್ಲಿ ಯಾರೂ ಇರಲಿಲ್ಲ. ಭಯವಾಯಿತು, ಯಾಕೆ ಸುಳ್ಳು ಹೇಳಲಿ.

ಚಿಕ್ಕವಳಿದ್ದಾಗ ಒಮ್ಮೆ ಉಯ್ಯಾಲೆಯ ಮೇಲೆ ಮಲಗಿ, ನಿನ್ನ ಬೆರಳು ಬಂದ ಕೂಡಲೇ ಬೇಕೆಂದೇ ಉಸಿರು ಬಿಗಿಹಿಡಿದಿದ್ದೆ. ನೀನು ಕಾಲು ಹಿಡಿದು ಎಳೆದ ರಭಸಕ್ಕೆ ದೊಪ್ಪನೆ ನೆಲಕ್ಕೆ ಬಿದ್ದೆ. ನಾನು ನಗುತ್ತಿದ್ದರೆ ನೀನು ಮತ್ತೆ ನನ್ನ ಮೂಗಿಗೆ ಬೆರಳು ಹಿಡಿದೆ. "ಇಂಥಾ ವಿಳೆಯಾಟ್ಟೆಲ್ಲ ನನ್ನತ್ರ ಬೇಡ. ಒಂದ್ ಕೊಳಂದೇನ ಕಳ್ಕೊಂಡಿದ್ದು ಸಾಲ್ದಾ?" ಅಂದೆ, ನಿನ್ನ ತಮಿಳು ಬೆರೆತ ಮಾತಿನಲ್ಲಿ. ನಾನು ಒಬ್ಬಳೇ ಹುಟ್ಟಿದವಳಲ್ಲ, ಜೊತೆಗೆ ಇನ್ನೊಂದು ಮಗುವೂ ಇತ್ತು ಅಂತ ನನಗೆ ಗೊತ್ತಾದದ್ದು ಆವತ್ತೇ.

ಆ ಕಥೆಯನ್ನು ನೀನು ಚೂರುಚೂರಾಗಿ ಹೇಳಿದೆ, ಬೇಳೆ ಬೇಯುವ ಹೊತ್ತಿನಲ್ಲಿ. ತಿಂಗಳು ತುಂಬದೆ ಮನೆಯಲ್ಲೇ ಹುಟ್ಟಿದ, ನಿನ್ನ ತಂಗಿಯ ಅವಳಿ ಮಕ್ಕಳು, ನಾನೂ ತಮ್ಮನೂ. ಉಸಿರಾಡುತ್ತಿದ್ದವರು ಇದ್ದಕ್ಕಿದ್ದಂತೆ ನಿಲ್ಲಿಸಿಬಿಡುತ್ತಿದ್ದೆವಂತೆ. ಕಾಲಿಗೆ ಬಟ್ಟೆಯ ಪಟ್ಟಿ ಕಟ್ಟಿ, ಉಸಿರು ನಿಂತಾಗ ಮೆಲ್ಲಗೆ ಎಳೆಯಿರಿ ಅಂತ ನರ್ಸಮ್ಮ ಹೇಳಿ ಹೋದಳು. ನೀನು ನಿನ್ನ ಮಡಿಯನ್ನೆಲ್ಲ ಬದಿಗಿಟ್ಟು, ಎರಡು ಕೈಗೆ ಎರಡು ಪಟ್ಟಿ ಕಟ್ಟಿಕೊಂಡು ಬಾಣಂತಿ ಕೋಣೆಯಲ್ಲಿ ಕೂತುಬಿಟ್ಟೆ. ಹನ್ನೊಂದನೆಯ ದಿನ ಪುಣ್ಯಾಹ. ಪುರುಡಿನ ಬಟ್ಟೆಯೆಲ್ಲ ಕೋಣೆಯಿಂದ ಹೊರಗೆ ಹೋಗಬೇಕು, ನೀನು ತಲೆಗೆ ಸ್ನಾನ ಮಾಡಿ ಮಡಿಯಲ್ಲಿ ಅಡುಗೆಗೆ ನಿಲ್ಲಬೇಕು. ಪಟ್ಟಿಗಳನ್ನು ಬಿಚ್ಚಿ, ಮಕ್ಕಳನ್ನು ಅಮ್ಮನ ಮಡಿಲಿಗೆ ಹಾಕಿ ಬಚ್ಚಲಿಗೆ ಹೋದೆ. ಒದ್ದೆ ತಲೆಯಲ್ಲಿ ತಿರುಗಿ ಬಂದಾಗ ತಮ್ಮ... "ನಾನ್ ಬಿಚ್ಬಾರ್ದಿತ್ತು" ಅನ್ನುವಲ್ಲಿಗೆ ನಿನ್ನ ಕಥೆ ಪ್ರತಿ ಸಲವೂ ನಿಲ್ಲುತ್ತಿತ್ತು. ಅಷ್ಟು ಹೊತ್ತಿಗೆ ಅಮ್ಮ ಎದ್ದು ಹಿತ್ತಲಿಗೆ ಹೋಗಿರುತ್ತಿದ್ದಳು.

ಕೀಲ್ಪಾಕಿನ ಲ್ಯಾಬಿನಲ್ಲಿ ನಾನು ಕೆಲಸ ಹಿಡಿದಾಗ ಬೈದದ್ದು ನೆನಪಿದೆಯಾ? "ಮೊಲದ್ ಮರಿಗೆ ಉಸುರು ಕಟ್ಸೋದೂ ಒಂದ್ ಪಡಿಪ್ಪಾ? ಪಾಪ ಸುತ್ಕೊಳ್ಳತ್ತೆ ಕಣೇ." ಯಾರಿಗೋಸ್ಕರ ಅದನ್ನು ಓದುತ್ತಿದ್ದೇನೆ ಅಂತ ನಿನಗೆ ಹೇಳಲು ಬಾಯಿ ಬರಲಿಲ್ಲ. ಕೈಕಾಲು ತೊಳೆದುಕೊಂಡು ತಟ್ಟೆಯ ಮುಂದೆ ಕೂತೆ.

ಮೊಲವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಆಮ್ಲಜನಕ ಕೊಂಚ ಕಡಿಮೆ ಮಾಡಿದರೆ, ಬೆಳೆದದ್ದು ಜೋರಾಗಿ ಉಸಿರೆಳೆಯುತ್ತದೆ, ಎಳೆಯುತ್ತಲೇ ಇರುತ್ತದೆ. ಆಗತಾನೇ ಹುಟ್ಟಿದ ಮರಿ ಸ್ವಲ್ಪ ಹೊತ್ತು ಜೋರು ಮಾಡಿ ಆಮೇಲೆ ನಿಧಾನವಾಗುತ್ತದೆ. ಯಾವಾಗ ಹೆಚ್ಚು ಬೇಕೋ ಆಗಲೇ ಕೈಬಿಡುತ್ತದೆ. ಉಸಿರನ್ನು ನಡೆಸುವುದು ಎದೆಯಲ್ಲ ದೊಡ್ಡಮ್ಮ, ಕತ್ತಿನ ಮೇಲೆ ಮಿದುಳಿನ ಬುಡದಲ್ಲಿರುವ ನರಗಳು. ಅವು ಬಸಿರಿನಲ್ಲೇ ಕೆಲಸ ಕಲಿಯಲು ಶುರುಮಾಡಿ, ಹುಟ್ಟಿದ ಮೇಲೂ ಕಲಿಯುತ್ತಿರುತ್ತವೆ. ತಿಂಗಳು ತುಂಬದ ಮಗುವಿಗೆ ಆ ಪಾಠ ಅರ್ಧವೂ ಆಗಿರುವುದಿಲ್ಲ. ಕಾಲು ಮುಟ್ಟಿದರೆ ಆ ಸುದ್ದಿ ಅಲ್ಲಿಗೆ ತಲುಪಿ ನರಗಳು ಎಚ್ಚರಗೊಳ್ಳುತ್ತವೆ, ನರ್ಸಮ್ಮ ಹೇಳಿದ್ದು ಸುಳ್ಳಲ್ಲ. ಆದರೆ ಕೆಲವು ಸಲ ಎಷ್ಟು ಮುಟ್ಟಿದರೂ ಎಚ್ಚರವಾಗುವುದಿಲ್ಲ. ಮೊಲದ ಮರಿಗಳಲ್ಲಿ ಇದನ್ನು ನಾನು ಕಣ್ಣಾರೆ ಕಂಡಾಗ ನೀನು ಇರಲಿಲ್ಲ. ಇದ್ದು, "ಪಟ್ಟಿ ಇದ್ದಿದ್ರೆ ಉಳೀತಿದ್ನಾ?" ಅಂತ ಕೇಳಿದ್ದರೆ ನಾನು ಏನು ಹೇಳುತ್ತಿದ್ದೆ?

ಹೋದ ಶುಕ್ರವಾರ ಅಮ್ಮ ಬೀನ್ಸಿನ ನಾರು ತೆಗೆಯುತ್ತಿದ್ದಳು. ಅವಳಿಗೆ ಆ ಮರಿಗಳ ಸಂಗತಿ ಹೇಳುತ್ತಿದ್ದೆ. ಅವಳ ಕೈ ನಿಂತಿತು.

"ಎಷ್ಟ್ ಉಜ್ಜಿದ್ರೂ ಏಳಲ್ವಾ?"

"ಕೆಲವು ಏಳಲ್ಲಮ್ಮ."

"ನಾನ್ ಉಜ್ಜಿದ್ದೆ ಕಣೇ," ಅಂದಳು. "ಅಕ್ಕ ಬಚ್ಚಲಿಗೆ ಹೋಗ್ತಿದ್ದಂಗೇ ನಿಂತೋಯ್ತು. ಕಾಲ್ ಎಳ್ದೆ, ಬೆನ್ನು ಉಜ್ಜಿದೆ, ಪಾದಕ್ಕೆ ತಟ್ಟಿದೆ. ಬರ್ಲಿಲ್ಲ. ಕೂಗಿದ್ರೆ ಮಡಿಲಿಂದ ಎತ್ಕೊಂಡ್ ಹೋಗ್ಬಿಡ್ತಾರೆ, ಇನ್ನೊಂಚೂರು ಹೊತ್ತು ಇರ್ಲಿ ಅಂತ ಸುಮ್ನೆ ಹಿಡ್ಕೊಂಡ್ ಕೂತಿದ್ದೆ."

"ದೊಡ್ಡಮ್ಮಂಗೆ ಯಾಕೆ ಹೇಳ್ಲಿಲ್ಲ?"

"ಬಂದೋಳೇ ನಾನ್ ಬಿಚ್ಬಾರ್ದಿತ್ತು ಅಂತ ಅತ್ಲು. ಎಲ್ರೂ ಅವಳನ್ನೇ ನೋಡಿದ್ರು. ನಾಳೆ ಹೇಳಿದ್ರಾಯ್ತು ಅಂದ್ಕೊಂಡೆ. ಆಮೇಲೆ ಹೆಂಗ್ ಹೇಳ್ಲಿ?"

ನಾನು ಅವಳ ಮೇಲೆ ರೇಗಿದೆ, ಬಾಯಿಗೆ ಬಂದದ್ದೆಲ್ಲ ಅಂದೆ. ಆಮೇಲೆ ಅವಳ ಪಕ್ಕದಲ್ಲೇ ಕೂತು ಅತ್ತುಬಿಟ್ಟೆ. ನಿನ್ನ ಒಂದು ಜನ್ಮವೇ ಹೋಯಿತಲ್ಲ ದೊಡ್ಡಮ್ಮ, ಆ ನಾಳೆ ಬರದೆ.

ಈಗ ನಾನು ಹೇಳುತ್ತಿದ್ದೇನೆ, ಕೇಳು. ನೀನು ತಲೆಗೆ ನೀರು ಹಾಕಿಕೊಳ್ಳುತ್ತಿದ್ದಾಗ ಅವನ ಕಾಲು ಎಳೆಯುವವಳು ಒಬ್ಬಳು ಅಲ್ಲಿದ್ದಳು. ಎಳೆದಳು. ಅವನಿಗೆ ಬರಲಾಗಲಿಲ್ಲ.