ಜಾಲಿಮರಗಳ ಈಚೆ

ಫೆ. 5, 2025. ಬುಧವಾರ

ಮತ್ತೆ ಆಸಿಡ್ ಬಾಟಲಿಗಳಿಗೆ ಲೇಬಲ್ ಬರೆಯುವ ಕೆಲಸ. ಮಧ್ಯಾಹ್ನದ ಹೊತ್ತಿಗೆ ಮೂವತ್ತಾರು ಆಯಿತು. ಪ್ರಿನ್ಸಿಪಾಲ್ ಶ್ರೀಲತಾ ಮೇಡಂ ಕರೆದರು. ಭಾನುವಾರ ಮದಲೂರು ಕೆರೆಯಲ್ಲಿ ಹಕ್ಕಿ ಗಣತಿ, ಈ ಸಲ ದೋಣಿಯಲ್ಲಿ. ಹನ್ನೊಂದು ಜನ. ಪಟ್ಟಿಯಲ್ಲಿ ಎಲ್ಲರ ಹೆಸರಿನ ಮುಂದೆ ಡಾಕ್ಟರ್, ಲೆಕ್ಚರರ್. ಕೊನೆಗೆ — ವನಜಾಕ್ಷಿ, ಲ್ಯಾಬ್ ಅಟೆಂಡರ್, ಸಹಾಯಕ್ಕೆ.

ಇರಲಿ. ನಾಲ್ಕು ವರ್ಷದ ಗಣತಿಯೂ ನನ್ನ ಅಕ್ಷರದಲ್ಲೇ ಇದೆ.

ಮದಲೂರು ನನ್ನ ತವರು. ಕೆರೆ ಬತ್ತಿದ್ದ ವರ್ಷಗಳಲ್ಲಿ ಅದರ ಅಂಗಳದಲ್ಲೇ ಮೇಕೆ ಕಾದವಳು ನಾನು. ಎಲ್ಲಿ ಗುಂಡಿ, ಎಲ್ಲಿ ದಿಣ್ಣೆ, ಕಾಲಿಗೇ ಗೊತ್ತು. ಈಗ ನೀರು ತುಂಬಿ ಜಾಲಿಮರಗಳು ಅರ್ಧ ಮುಳುಗಿವೆ. ಅವುಗಳ ಮೇಲೆ ಬಣ್ಣದ ಕೊಕ್ಕರೆ ಗೂಡು ಕಟ್ಟಿವೆಯಂತೆ. ದೋಣಿಯ ಕದರಪ್ಪ ಹೇಳಿದ.

ಫೆ. 9, ಭಾನುವಾರ. ಸಂಜೆ 6

ಅಂಗಾಲಲ್ಲಿ ಎರಡು ಮುಳ್ಳು. ಒಂದು ತೆಗೆದೆ. ಇನ್ನೊಂದು ಒಳಗೇ ಮುರಿದಿದೆ. ನಡೆದದ್ದನ್ನು ಇವತ್ತೇ ಬರೆದುಬಿಡಬೇಕು. ನಾಳೆ ಬೇರೆಯವರು ಬೇರೆ ಥರ ಹೇಳುತ್ತಾರೆ.

ಏಳಕ್ಕೆ ಹೊರಟೆವು. ಮೀನುಗಾರರ ದೊಡ್ಡ ಫೈಬರ್ ದೋಣಿ. ತೂಬಿನ ಕಡೆ ಹೆಜ್ಜಾರ್ಲೆ ಅರವತ್ತೆರಡು. ನೀರುಕಾಗೆ ನೂರರ ಮೇಲೆ. ಅಮೀನಾಬಿ ಟೀಚರ್ ಎಣಿಸುವುದು, ನಾನು ಬರೆಯುವುದು. ಶಿರಾದಲ್ಲಿ ಮೂವತ್ತು ವರ್ಷ ಪಾಠ ಹೇಳಿ ರಿಟೈರ್ ಆದವರು. ಕಣ್ಣು ಇನ್ನೂ ಚುರುಕು.

ಜಾಲಿಮರಗಳು ಬಂದವು. ಗೂಡು ನಲವತ್ತೊಂದು. ಮರಿಗಳಿಗೆ ಇನ್ನೂ ಬಿಳಿ ತುಪ್ಪಳ. ಗೂಡಿನಿಂದ ನೂರು ಮೀಟರ್ ದೂರ ನಿಲ್ಲಬೇಕು ಎಂದು ನಾವೇ ಮಾಡಿಕೊಂಡ ನಿಯಮ.

ರೇವಂತ್ ಸರ್ ಹೊಸ ಲೆನ್ಸ್ ತಂದಿದ್ದರು. ನಮ್ಮ ಕಾಲೇಜಿನ ಕಾರ್ಯದರ್ಶಿ ಅವರೇ, ತಂಡದ ಮುಖ್ಯಸ್ಥರೂ ಅವರೇ.

“ಕದರಪ್ಪ, ಮರದ ಕೆಳಗೇ ತಗೊಂಡೋಗು.”

“ವದ್ದು ಸಾರ್. ಮರಿಗಳವೆ, ಬೆದರ್ತವೆ.” ಪಾವಗಡದ ಕಡೆಯವನು, ಮಾತಿನಲ್ಲಿ ತೆಲುಗು ನುಸುಳುತ್ತದೆ.

“ಹೇಳ್ದಷ್ಟು ಮಾಡು.”

ಅವನು ಗಳ ಊರಿದ. ಹತ್ತಿರ ಹೋಗುತ್ತಲೇ ದೊಡ್ಡ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದವು. ಮರಿಗಳು ಗೂಡಿನ ಅಂಚಿಗೆ ಸರಿದವು. ಒಂದು ನೀರಿಗೆ ಬಿತ್ತು. ಇನ್ನೊಂದು ಮುಳ್ಳಿಗೆ ರೆಕ್ಕೆ ಸಿಕ್ಕಿ ನೇತಾಡಿತು. ಎಲ್ಲಿದ್ದವೋ ಕಾಗೆಗಳು, ಬಂದೇಬಿಟ್ಟವು. ಕ್ಯಾಮೆರಾದ ಟಕಟಕ ನಿಲ್ಲಲಿಲ್ಲ.

“ಸಾರ್, ಮರಿ ಬಿದ್ದೈತೆ. ಹಿಂದಕ್ಕೋಗಣ,” ಅಂದೆ ನಾನು.

“ಎರಡೇ ನಿಮಿಷ. ಒಳಗಿನ ಮರದಲ್ಲಿ ಬೆಳಕು ಚೆನ್ನಾಗಿದೆ.”

“ಅಲ್ಲಿ ಇಪ್ಪತ್ತು ಗೂಡವೆ ಸಾರ್.”

“ವನಜಾಕ್ಷಿ, ನೀನು ಬಂದಿರೋದು ಬರೆಯೋಕೆ. ಬರಿ.”

ಬರೆದೆ. 9.40. ಮರಿ ಎರಡು. ಪುಸ್ತಕವನ್ನು ಟೀಚರ್ ಕೈಗೆ ಕೊಟ್ಟು ನೀರಿಗಿಳಿದೆ.

ಅಲ್ಲಿ ನೀರು ಎದೆಮಟ್ಟ. ನನಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ. ಯಾರೋ ಕಿರುಚಿದರು. ಸುತ್ತಿ ಬಂದು ದೋಣಿಯ ಮೂತಿಯನ್ನು ಎರಡೂ ಕೈಯಿಂದ ಹಿಡಿದೆ. ಬೆನ್ನಿಗೆ ಮರಗಳು, ಎದುರಿಗೆ ಹನ್ನೊಂದು ಮುಖ.

“ಮೇಲೆ ಹತ್ತು. ಏನು ಹುಚ್ಚಾಟ ಇದು.”

“ದೋಣಿ ತಿರುಗ್ಸಿ, ಹತ್ತುತೀನಿ.”

“ನಿನ್ನ ಕೆಲಸ ಯಾರ ಕೈಯಲ್ಲಿದೆ, ನೆನಪಿದೆಯಾ?”

“ಐತೆ ಸಾರ್. ದೋಣಿ ಮಾತ್ರ ನನ್ನ ಕೈಲೈತೆ.”

ಆಮೇಲೆ ಅಮೀನಾಬಿ ಟೀಚರ್, ಕ್ಲಾಸಿನಲ್ಲಿ ಹೇಳುವ ಹಾಗೆ, “ಕದರಪ್ಪ, ಪೀಛೆ ತಗೋಪ್ಪ. ಹೆಣ್ಮಗಳ ಮೇಲೆ ಹಾಯಿಸ್ತೀಯಾ ಏನು?”

ಕದರಪ್ಪ ಯಾರ ಮುಖವನ್ನೂ ನೋಡಲಿಲ್ಲ. ಗಳವನ್ನು ಮುಂದಕ್ಕೆ ಊರಿ ಹಿಂದಕ್ಕೆ ತಳ್ಳಿದ.

ನೂರು ಮೀಟರ್ ಆಗುವವರೆಗೂ ಮೂತಿ ಬಿಡಲಿಲ್ಲ. ನಡೆದೇ ಬಂದೆ. ಮೇಲೆ ಹತ್ತಿಸಿಕೊಂಡಾಗ ಹಲ್ಲು ಕಟಕಟ ಅನ್ನುತ್ತಿತ್ತು. ಕೆಮಿಸ್ಟ್ರಿ ಲೆಕ್ಚರರ್ ಟವೆಲ್ ಕೊಟ್ಟರು. ರೇವಂತ್ ಸರ್ ತಿರುಗಿ ನೋಡಿದ ಮೇಲೆ ವಾಪಸ್ ಇಸ್ಕೊಂಡರು.

ಫೆ. 10, ಸೋಮವಾರ

ವಾಟ್ಸಾಪ್ ಗ್ರೂಪಿನಿಂದ ತೆಗೆದಿದ್ದಾರೆ. ಟೀಚರ್ ಫೋನಿನಲ್ಲಿ ನೋಡಿದೆ. ಫೋಟೋ ಚೆನ್ನಾಗಿಯೇ ಬಂದಿದೆ. ಮರಿ ಬಾಯಿ ತೆರೆದಿದೆ. ಹಸಿವು ಎಂದು ಬರೆದಿದ್ದಾರೆ.

ಹಸಿವಲ್ಲ ಅದು.

ಫೆ. 13, ಗುರುವಾರ

ಗಣತಿ ಪಟ್ಟಿ ಅರಣ್ಯ ಇಲಾಖೆಗೆ ಕಳಿಸಬೇಕು. ಶ್ರೀಲತಾ ಮೇಡಂ ಬಾಗಿಲು ಮುಂದೆ ಮಾಡಿ ಕೂರಿಸಿದರು. “9.40ರ ಸಾಲು ಒಂದು ಬಿಟ್ಟು ಫೇರ್ ಕಾಪಿ ಮಾಡಿ ಕೊಡಿ.”

“ಗಣತಿ ಅಂದ್ರೆ ಕಂಡಿದ್ದು ಬರೆಯೋದು ಅಲ್ವಾ ಮೇಡಂ?”

“ನನಗೂ ಮನೆ, ಮಕ್ಕಳು ಇದ್ದಾರೆ ವನಜಾಕ್ಷಿ.”

ಅವರ ಮೇಲೆ ಸಿಟ್ಟು ಬರಲಿಲ್ಲ. ಆದರೂ ಸಾಲು ಬಿಡಲಿಲ್ಲ. ಫೇರ್ ಕಾಪಿ ಎರಡು ಮಾಡಿದೆ, ಎರಡರಲ್ಲೂ ಆ ಸಾಲಿದೆ. ಒಂದು ಅವರ ಮೇಜಿಗೆ. ಇನ್ನೊಂದಕ್ಕೆ ಅಮೀನಾಬಿ ಟೀಚರೂ ಸಹಿ ಹಾಕಿದರು. ನಾನೇ ಇಲಾಖೆಗೆ ರಿಜಿಸ್ಟರ್ಡ್ ಪೋಸ್ಟ್ ಮಾಡಿ ಬಂದೆ.

ರಾತ್ರಿ ಊಟಕ್ಕೆ ಕೂತಾಗ ಇವರು — ಬಸ್ ಓಡಿಸಿ ಸುಸ್ತಾಗಿ ಬಂದಿದ್ದರು — “ಒಂದ್ ಸಲ ತಪ್ಪಾಯ್ತು ಅಂದ್ಬುಡೇ. ಏನ್ ಗಂಟೋಯ್ತದೆ?”

“ಯಾವ್ದು ತಪ್ಪು ಅಂತ ಹೇಳ್ರಿ, ಅಂದ್ಬುಡ್ತೀನಿ.”

ಇವರು ಎದ್ದರು. ಕೈ ತೊಳೆದು ಸೂಜಿ ತಂದು, ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಮುರಿದ ಮುಳ್ಳನ್ನು ಕೆದಕಿ ತೆಗೆದರು.

ಫೆ. 24, ಸೋಮವಾರ

ಕಾರ್ಯದರ್ಶಿಗಳ ರೂಮು. ಟೈಪ್ ಮಾಡಿದ ಕಾಗದ ಸಿದ್ಧವಾಗಿತ್ತು. ‘ನನ್ನ ಅನುಚಿತ ವರ್ತನೆಗೆ ವಿಷಾದಿಸುತ್ತೇನೆ. ಮರಿಗಳು ಗಾಳಿಗೆ ಬಿದ್ದವು.’

“ಸಹಿ ಹಾಕು, ಇಲ್ಲಿಗೆ ಮುಗಿಸೋಣ,” ಅಂದರು. ದನಿ ಮೆತ್ತಗೆ.

ಪೆನ್ನು ತೆಗೆದುಕೊಂಡೆ. ಎರಡೂ ಸಾಲಿಗೆ ಗೀಟು ಎಳೆದೆ. ಕೆಳಗೆ ಬರೆದೆ — ಅವತ್ತು ಗಾಳಿ ಇರಲಿಲ್ಲ. ದೋಣಿ ಇತ್ತು. ಅದರಲ್ಲಿ ನಾನೂ ಇದ್ದೆ, ತಡೆದದ್ದು ತಡವಾಯಿತು, ಅದಕ್ಕೆ ಮಾತ್ರ ವಿಷಾದ. ಸಹಿ ಹಾಕಿದೆ. ಪೂರ್ತಿ ಹೆಸರು.

ಅವರು ಓದಿದರು. “ಒಂದನೇ ತಾರೀಖಿನಿಂದ ಬರಬೇಡ.”

“ಇಲ್ಲಿಗೆ ಬರಲ್ಲ ಸಾರ್. ಕೆರೆಗೆ ಬರ್ತೀನಿ.”

ಹೊರಗೆ ಬಂದೆ. ಸೈಕಲ್ ಸ್ಟ್ಯಾಂಡಿನ ಕಟ್ಟೆ ಮೇಲೆ ಅರ್ಧ ಗಂಟೆ ಕೂತೆ. ಹನ್ನೆರಡು ವರ್ಷ ಆ ಲ್ಯಾಬಿನಲ್ಲಿ... ಅಳು ಬಂತು. ಅತ್ತೆ. ಎದ್ದು ಬಸ್ಸು ಹತ್ತಿದೆ.

ಮಾ. 16, ಭಾನುವಾರ. ಬೆಳಿಗ್ಗೆ 8. ದೋಣಿಯಲ್ಲೇ

ಮೂರೇ ಜನ. ಟೀಚರ್, ಕದರಪ್ಪ, ನಾನು. ನೂರು ಮೀಟರ್ ಈಚೆ ನಿಂತಿದ್ದೇವೆ. ಗೂಡು ಮೂವತ್ತೆಂಟು. ಮರಿ ಎಪ್ಪತ್ತೊಂದು. ಮೈ ಬೂದು ಬಣ್ಣಕ್ಕೆ ತಿರುಗಿದೆ. ಗೂಡಿನ ಮೇಲೆ ನಿಂತು ರೆಕ್ಕೆ ಬಡಿಯುತ್ತವೆ. ಇನ್ನು ಎರಡು ವಾರ ಯಾರೂ ಮುಟ್ಟದಿದ್ದರೆ ಹಾರುತ್ತವೆ.

ಹೊಸ ಕೆಲಸ ಸಿಕ್ಕಿಲ್ಲ.

ಏರಿ ಕಡೆಯಿಂದ ಇನ್ನೊಂದು ದೋಣಿ. ಎಂಜಿನ್ ಸದ್ದು. ನೇರ ಮರಗಳ ಕಡೆಗೇ. ಟೀಚರ್ ಬೈನಾಕ್ಯುಲರ್ ಇಳಿಸಿ, “ಅದೇ ಲೆನ್ಸ್,” ಅಂದರು.

“ಕದರಪ್ಪ, ಅಡ್ಡ ಹಾಕು.”

“ಹಾಕ್ತೀನಕ್ಕ. ಒಬ್ನ ಕೈಲಿ ಅಷ್ಟು ಬಿರ್ರನೆ ತಿರುಗಲ್ಲ. ನೀನೂ ಇನ್ನೊಂದು ಗಳ ಹಿಡಿ.”

ಇಳಿಯುವುದು ಬೇಡ ಇವತ್ತು, ದೋಣಿಯೇ ಇದೆ. ಸದ್ದು ಹತ್ತಿರ ಬಂತು. ಎರಡೂ ಕೈ ಬೇಕು, ಪುಸ್ತಕ ಟೀಚರ್ ಕೈಗೆ.