ಎರಡು ಹಾಡುಗಳ ನಡುವೆ

ಅಪ್ಪಾ,

ನೀನು ಹೋದ ಹನ್ನೊಂದು ವರ್ಷಕ್ಕೆ, ನೀನು ಪಿಟೀಲು ನುಡಿಸಿದ್ದ ಆ ಹಳೆಯ ಕಛೇರಿಯ ಸಿ.ಡಿ. ಇವತ್ತು ವಿಮರ್ಶೆಗೆಂದು ನನ್ನ ಮೇಜಿಗೆ ಬಂತು. ಮುಂದೆ ಗಾಯಕರ ದೊಡ್ಡ ಚಿತ್ರ, ಹಿಂದೆ ಸಣ್ಣಕ್ಷರದಲ್ಲಿ ನೀನು. ನಾನು ಸೀದಾ ಎರಡನೇ ಹಾಡಿನ ಕೊನೆಗೆ ಹಾರಿದೆ. ನಮ್ಮ ಮನೆಯಲ್ಲಿದ್ದ ಅದೇ ಕಛೇರಿಯ ಕ್ಯಾಸೆಟ್ ಸವೆದುಹೋಗಿ ಎಷ್ಟೋ ಕಾಲವಾದರೂ, ಅಲ್ಲಿ ನೀನು ತಂತಿ ಬಿಗಿಮಾಡಿ ಗಾಯಕರತ್ತ ಬಾಗಿ “ಈಗ ಸರಿಹೋಯ್ತಾ?” ಎಂದು ಕೇಳುವುದು ನನಗೆ ಬಾಯಿಪಾಠ. ನಿನ್ನ ದನಿ ಉಳಿದಿದ್ದದ್ದು ಅದೊಂದೇ ಕಡೆ.

ಹಾಡು ಮುಗಿಯಿತು. ತಕ್ಷಣ ಮೂರನೆಯದು ಶುರುವಾಯಿತು.

ಸಿ.ಡಿ. ಕಂಪನಿಯ ಸೌಂಡ್ ಎಂಜಿನಿಯರ್‌ಗೆ ಫೋನ್ ಮಾಡಿ ಜಗಳಕ್ಕೇ ನಿಂತೆ. ಪಾಪ, ಅವನು ಮೆತ್ತಗೆ ಹೇಳಿದ: “ಮೇಡಂ, ಹಾಡುಗಳ ಮಧ್ಯೆ ಶ್ರುತಿ ಮಾಡ್ಕೊಳ್ಳೋದು, ಮಾತಾಡೋದು ಎಲ್ಲ ಕಿರಿಕಿರಿ, ಕತ್ತರಿಸಿ ಬಿಸಾಕಿ ಅಂತ ವಿಮರ್ಶೆಲಿ ಪ್ರತಿ ಸಲ ಬರೀತಿದ್ದಿದ್ದು ನೀವೇ ಅಲ್ವಾ? ಈ ಸಲ ನಿಮ್ಮ ಮಾತು ನಡೆಸ್ಕೊಟ್ಟಿದ್ದೀವಿ.”

“ಮೂಲ ಟೇಪು?”

“ಒಂದೇ ಸಲ ಓಡ್ತು, ಆಮೇಲೆ ಪುಡಿಯಾಯ್ತು. ಕತ್ತರಿಸಿದ್ದನ್ನ ನಾವು ಇಟ್ಕೊಳ್ಳಲ್ಲ ಮೇಡಂ.”

ಫೋನ್ ಇಟ್ಟೆ. ಸಂಜೆಯೊಳಗೆ ಬರಹ ಬೇಕೆಂದು ಸಂಪಾದಕರು ಎರಡು ಸಲ ಬಂದು ಹೋದರು. ನಿನ್ನ ಬಗ್ಗೆ ಬರೆಯೋಣವೆಂದರೆ, ಪಕ್ಕವಾದ್ಯದವರಿಗೆ ನಾನು ಇಷ್ಟು ವರ್ಷ ಕೊಡುತ್ತಾ ಬಂದದ್ದೇ ಒಂದು ಸಾಲು. ಆ ಒಂದು ಸಾಲನ್ನು ಬರೆದೆ. ಕೊನೆಗೆ, ಸುಳ್ಳು ಬರೆಯಲಾಗದೆ, ಇದನ್ನೂ ಸೇರಿಸಿದೆ: “ಧ್ವನಿ ಬಹಳ ಸ್ವಚ್ಛವಾಗಿದೆ. ಎಲ್ಲೂ ಅಡಚಣೆಯಿಲ್ಲ.”