ಅತ್ತೆಯ ಇ-ಕೆವೈಸಿ

ನವೆಂಬರ್ 24, ಸೋಮವಾರ

ಕಟ್ಟೆ ಹೂಳೆತ್ತುವ ನರೇಗಾ ಕೆಲಸ, ಇಪ್ಪತ್ತೆರಡು ಜನ. ಹೆಸರಿಗೆ ನಾನು ಕಾಯಕ ಬಂಧು, ಅಂದರೆ ಮೇಸ್ತ್ರಿ, ದರ್ಬಾರೆಲ್ಲ ಫೋನಿನದು. ಈಗ ಇ-ಕೆವೈಸಿ ಅಂತ ಹೊಸ ರೂಲ್ — ಒಬ್ಬೊಬ್ಬರೂ ನಾನು ಹಿಡಿದ ಫೋನಿಗೆ ಮುಖ ತೋರಿಸಿ ಕಣ್ಣು ಮಿಟುಕಿಸಬೇಕು. ಶುಕ್ರವಾರದೊಳಗೆ ಮಾಡಿಸದವರ ಹೆಸರು ಜಾಬ್ ಕಾರ್ಡಿನಿಂದ ಡಿಲೀಟ್ ಅಂತೆ.

ಇಪ್ಪತ್ತೊಂದು ಜನರದು ಮುಗಿಯಿತು. ಉಳಿದವರು ನನ್ನ ಅತ್ತೆ ಪುಟ್ಟಗಂಗಮ್ಮ. ಮದುವೆಯಾಗಿ ಒಂಬತ್ತು ವರ್ಷ. ಅಳಿಯನ ಮುಂದೆ ಸೆರಗು ಸರಿಸಿದವರಲ್ಲ, ನೇರ ಮಾತಾಡಿದವರಲ್ಲ. ಜೊತೆಗೆ ಮಣ್ಣು ಹೊರುವ ಚೆನ್ನಮ್ಮನ ಬಾಯಲ್ಲಿ ಹೇಳಿ ಕಳಿಸಿದರು: "ಅಳಿಯಂದ್ರಿಗೆ ಕಣ್ಣು ಹೊಡೆಯೋದಾ? ಥೂ! ನೋಡಿದೋರು ಏನಂದಾರು!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಆಮೇಲೆ ತಲೆಬಿಸಿ ಶುರುವಾಯಿತು.

25, ಮಂಗಳವಾರ

ಹೆಂಡತಿ ಕೈಲಿ ಮಾಡಿಸೋಣವೆಂದರೆ ನಂದಿತಾ ಆರೂವರೆ ಬಸ್ಸಿಗೇ ಬಿದರೆಹಳ್ಳಿ ಕಾವಲ್ ಕಡೆ ಕ್ಯಾಂಟೀನ್ ಕೆಲಸಕ್ಕೆ ಹೊರಡುತ್ತಾಳೆ, ವಾಪಸ್ ಬರುವಷ್ಟರಲ್ಲಿ ಕತ್ತಲೆ. ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಸಿಗುವುದು ಕಟ್ಟೆಯ ಏರಿ ಮೇಲೆ ಮಾತ್ರ. ಚೆನ್ನಮ್ಮನ ಕೈಗೆ ಫೋನ್ ಕೊಟ್ಟು ಹೊಂಗೆ ಮರದ ಹಿಂದೆ ನಿಂತೆ. ಮೂರು ಸಲವೂ ಅವಳ ಬೆರಳೇ ಕ್ಯಾಮೆರಾಗೆ ಅಡ್ಡ. ಕರ್ಮ.

26, ಬುಧವಾರ

ಸಿಟ್ಟಿನಲ್ಲಿ ಚೆನ್ನಮ್ಮನಿಗೆ ಹೇಳಿಬಿಟ್ಟೆ — "ಹೋಗ್ಲಿ ಬುಡಿ ಅನ್ನು. ನಮ್ಮನೇಲೇ ಬಂದು ಇರ್ಲಿ. ನಾವು ಸಾಕೋದಿಲ್ವಾ?" ಒಳ್ಳೆ ಮಾತೇ ಅಂದುಕೊಂಡಿದ್ದೆ. ಅತ್ತೆ ಮಣ್ಣು ಹೊರುವ ಬಾಂಡ್ಲಿ ಅಲ್ಲೇ ಬಿಟ್ಟು ಎದ್ದು ಹೋದರು. "ಕೈ ಗಟ್ಟಿ ಇರೋವರ್ಗೂ ಮಗಳ ಮನೆ ಬಾಗ್ಲಲ್ಲಿ ತಟ್ಟೆ ಹಿಡಿಯಲ್ಲ" ಅಂದರಂತೆ.

ಸಂಜೆ ನಂದಿತಾ ಚೆನ್ನಾಗಿ ಝಾಡಿಸಿದಳು. "ಬುದ್ಧಿ ಇದ್ಯೇನ್ರೀ ನಿಮ್ಗೆ? ಅಪ್ಪ ಹೋದ್ಮೇಲೆ ಈ ಕೂಲೀಲೇ ಕಣ್ರೀ ಅವ್ವ ನನ್ನ ಓದ್ಸಿದ್ದು." ನಾಚಿಕೆಯಾಯಿತು. ತಪ್ಪು ನನ್ನದೇ.

28, ಶುಕ್ರವಾರ

ನಿನ್ನೆ ಅತ್ತೆ ಬರಲೇ ಇಲ್ಲ. ಇವತ್ತು ಕಡೇ ದಿನ. ಮಧ್ಯಾಹ್ನ ಮೂರೂವರೆಗೆ ಏರಿ ಹತ್ತಿ ಬಂದು ನನ್ನ ಎದುರೇ ನಿಂತರು. ಚೆನ್ನಮ್ಮ ಹತ್ತಿರ ಬಂದರೆ ಕೈಯಲ್ಲೇ ತಡೆದರು. ಸೆರಗು ಇಳಿಸಿದರು. ಕೆನ್ನೆ ಮೇಲೆ ನಂದಿತಾಗಿರುವಂಥದೇ ಮಚ್ಚೆ... ನನಗೆ ಗೊತ್ತೇ ಇರಲಿಲ್ಲ. ಫೋನ್ ಎತ್ತಿ ಹಿಡಿದೆ. ಅವರು ನೆಟ್ಟಗೆ ನೋಡಿ ಕಣ್ಣು ಮಿಟುಕಿಸಿದರು. ಹಸಿರು ಟಿಕ್ ಬಂತು.

ಯಾರೂ ನಗಲಿಲ್ಲ.

"ಆಯ್ತಾ?" ಅಂದರು. ನನಗೇ!

"ಆಯ್ತತ್ತೆ."

"ಹಂಗಾದ್ರೆ ಒಂದ್ಮಾತು. ಎಂಟೂವರೆ ಅಂತೀರಾ, ದಿನಾ ಒಂಬತ್ತಕ್ಕೆ ಬರ್ತೀರಾ. ಬಿಸ್ಲಲ್ಲಿ ಮಣ್ಣು ಹೊರೋರು ನಾವು. ನಾಳೆಯಿಂದ ಟೈಮ್‌ಗೆ ಸರ್ಯಾಗಿ ಬನ್ನಿ."

29, ಶನಿವಾರ, ಬೆಳಗ್ಗೆ 7.45

ಏರಿ ಮೇಲಿದ್ದೇನೆ. ಇನ್ನೂ ಯಾರೂ ಬಂದಿಲ್ಲ... ಅಲ್ಲ, ಅತ್ತೆ ಆಗಲೇ ಕಟ್ಟೆಗೆ ಇಳಿದಿದ್ದಾರೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಹೂಳು ಎಳೆಯುತ್ತಿದ್ದಾರೆ. ಬಾಂಡ್ಲಿ ತಲೆ ಮೇಲೆ ಎತ್ತಿಡೋಕೆ ಜನ ಬೇಕು — "ಅಳಿಯಂದ್ರೇ, ಬರೆಯೋದು ಆಮೇಲೆ, ಒಂದ್ಕೈ ಹಿಡೀರಿ" ಅಂತ ಕೂಗ್ತಿದ್ದಾರೆ, ಹೋಗ್ಬೇ—